ಳಿಸು

ಬಂದರಿನ ದಕ್ಕೆಯ ಹಿಂದೆ, ಐಸ್ ಪ್ಲಾಂಟಿನ ಕಚೇರಿಯಲ್ಲಿ
ವಾರಿಜಕ್ಕನ ಪರದೆಯ ಮೇಲೆ ಎರಡು ಗುಂಡಿ.
ಎರಡರ ಮೇಲೂ ಒಂದೇ ಬರಹ:
ಳಿಸು. ಳಿಸು.

"ಒಂದು ಉಳಿಸು, ಒಂದು ಅಳಿಸು" ಅಂದೆ.
"ನಿಮಗೆ ಗೊತ್ತುಂಟು ಮಾರಾಯ್ರೆ.
ನನಗೆ ಗೊತ್ತಾದದ್ದು ಒತ್ತಿದ ಮೇಲೆ."
ಮೂರು ವಾರದ ಹಿಂದೆ, ಮಂಗಳವಾರ, ಬೆಳಗಿನ ನಾಲ್ಕಕ್ಕೆ
ಹದಿಮೂರು ಬೋಟಿನ ಐಸಿನ ಲೆಕ್ಕ ಹೋಯಿತು.
ಐಸು ಕರಗಿದರೆ ನೀರಾದರೂ ಇರುತ್ತದೆ.
ಮೊಯ್ದಿನಬ್ಬ ಸಾಹುಕಾರರು ಏನೂ ಅನ್ನಲಿಲ್ಲವಂತೆ.
ಏನೂ ಅನ್ನದ್ದೇ ಅವರಿಗೆ ತಡೆಯಲಾಗಲಿಲ್ಲವಂತೆ.
"ಅಳಿಸಿತು ನೋಡಿ" ಅಂದರು.
ಯಾವ ಅಳಿಸು ಎಂದು ನಾನು ಕೇಳಲಿಲ್ಲ.

ನಾನು ಅಷ್ಟೂ ದಿನ ಕೊಟ್ಟ ಉತ್ತರ:
ನನ್ನಲ್ಲಿ ಸರಿಯಾಗಿಯೇ ಇದೆ.
ನಿಜ. ಬೋಳಾರದ ನನ್ನ ಮೇಜಿನ ಮೇಲೆ ಎರಡು ಯಂತ್ರ,
ಎರಡರಲ್ಲೂ ಅಕಾರ ಉಕಾರ ಮೈತುಂಬ.
ಮೂರನೆಯದನ್ನು ಮಾತ್ರ ಊಹಿಸಿಕೊಂಡಿದ್ದೆ.
ಊಹೆಗೆ ಉಪ್ಪುಗಾಳಿ ತಾಗುವುದಿಲ್ಲ,
ಅದರ ಕೀಲಿಮಣೆಯಲ್ಲಿ ಮೀನಿನ ಹುರುಪೆ ಸಿಗುವುದಿಲ್ಲ.

ಕುಡ್ಲ ಅಂದವರನ್ನೂ ಕೊಡಿಯಾಲ ಅಂದವರನ್ನೂ ಮೈಕಾಲ ಅಂದವರನ್ನೂ
ಬಸ್ಸು ಒಂದೇ ಸ್ಟೇಟ್‌ಬ್ಯಾಂಕಿನಲ್ಲಿ ಇಳಿಸುತ್ತದೆ.
ನನ್ನ ಗುಂಡಿಗಳೂ ಹಾಗೇ ಎಂದು
ಆರು ವರ್ಷದಿಂದ ಎದೆಯುಬ್ಬಿಸಿ ಹೇಳುತ್ತ ಬಂದಿದ್ದೆ.

ನೀರೇಶ್ವಾಲ್ಯ ರಸ್ತೆಯಲ್ಲಿ ನಡೆಯುತ್ತ ಬಾಯಿಗೆ ಅದೇ ಸಿಕ್ಕಿಕೊಂಡಿತು.
ಕಳಿಸು. ಗಳಿಸು. ತಿಳಿಸು. ಕೇಳಿಸು.
ತಲೆ ಹೋದ ಮಾತು ಎಷ್ಟು ತಲೆಗಳಿಗೆ ಕಾಯುತ್ತದೆ!
ಬಾಳಿಸು,
ಎದುರಿನಿಂದ ಬಂದ ಸ್ಕೂಟರಿಗೆ ದಾರಿ ಬಿಟ್ಟೆ.

ಕಾರಣ ಸಣ್ಣದು.
ಗುಂಡಿಯ ಅಗಲವನ್ನು ಒಂದು ಅಕ್ಷರಶೈಲಿಯಲ್ಲಿ ಅಳೆದು
ಬರಹವನ್ನು ಇನ್ನೊಂದರಲ್ಲಿ ಮೂಡಿಸುತ್ತಿತ್ತು ಆ ಹಳೆಯ ವ್ಯವಸ್ಥೆ.
ಬೂತಾಯಿಗೆ ಮಾಡಿದ ಪೆಟ್ಟಿಗೆ, ಮಲಗಿಸಿದ್ದು ಅಂಜಲನ್ನು.
ತಲೆ ಹೊರಗೆ.
ಹೊರಗುಳಿದದ್ದನ್ನು ಕತ್ತರಿಸು ಎಂಬ ಸಾಲು
ನಾನೇ ಬರೆದದ್ದು. ಕೆಳಗೆ ನನ್ನದೇ ಹೆಸರು, ತಾರೀಕು.
ಎರಡು ಸಾಲು ಅದಲುಬದಲು ಮಾಡಿದೆ:
ಮೊದಲು ಅಕ್ಷರ ಯಾವುದೆಂದು ಗೊತ್ತಾಗಲಿ, ಆಮೇಲೆ ಅಳತೆ.
ಮೂರರಲ್ಲೂ ಓಡಿಸಿದೆ. ಚಹಾ ಕುಡಿದೆ.

ಎರಡನೆಯ ದಿನ ಫೋನು.
"ಅಕ್ಷರ ಪೂರ್ತಿ ಬಂದಿದೆ. ಲೆಕ್ಕ ಪುನಃ ಹೋಯ್ತು."

ಗಾಜಿನ ಮೇಲೆ ಒಂದು ಕೆಂಪು ಚುಕ್ಕೆ,
ಮೊದಲ ದಿನವೇ ಕಂಡಿತ್ತು, ಕಲೆ ಅಂದುಕೊಂಡಿದ್ದೆ.
ಮಗಳ ಉಗುರುಬಣ್ಣವಂತೆ.
ಆ ಮಂಗಳವಾರದ ಮರುದಿನ ವಾರಿಜಕ್ಕ ತಾವೇ ಮಾಡಿಕೊಂಡ ದುರಸ್ತಿ:
ಚುಕ್ಕೆ ಇದ್ದಲ್ಲಿ ಒತ್ತಿದರೆ ಉಳಿಯುತ್ತದೆ.
ನನ್ನ ದುರಸ್ತಿಗೆ ಗುಂಡಿಗಳು ಅಗಲವಾಗಿ, ಸಾಲು ಎಡಕ್ಕೆ ಸರಿದು
ಈಗ ಚುಕ್ಕೆಯ ಅಡಿಯಲ್ಲಿ
ಸ್ಪಷ್ಟವಾಗಿ, ದುಂಡಗೆ, ಪೂರ್ತಿಯಾಗಿ: ಅಳಿಸು.

ಬೆಳಗಿನ ನಾಲ್ಕಕ್ಕೆ ಯಾರು ಓದುತ್ತಾರೆ?
ಹೊರಗೆ ಬೋಟಿನವರ ಬೊಬ್ಬೆ, ಒಳಗೆ ಅಮೋನಿಯದ ವಾಸನೆ,
ಬೆರಳು ಕಂಡ ಕೆಂಪಿಗೆ ಹೋಗುತ್ತದೆ.

ಬ್ಲೇಡು ತೆಗೆದು ಚುಕ್ಕೆ ಕೆರೆಯಲು ಹೋದೆ.
ಮಂಜಿನಷ್ಟೇ ತಣ್ಣಗಿನ ಕೈಯಿಂದ ನನ್ನ ಮಣಿಕಟ್ಟು ಹಿಡಿದರು.
"ಅದು ಇರಲಿ. ನಿಮ್ಮದನ್ನು ಸರಿಸಿ."

ಸರಿಸಿದೆ.
ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ಬರೆದೆ:
ಎಡ ಅಂಚಿನಲ್ಲಿ ಅಕ್ಷರ ತುಂಡಾಗುವುದನ್ನು ಸರಿಪಡಿಸಲಾಗಿದೆ.
ಗುಂಡಿಗಳ ಜಾಗವನ್ನು ಹಿಂದಿನಂತೆಯೇ ಉಳಿಸಲಾಗಿದೆ.
ಯಾರಿಂದ, ಯಾರಿಗಾಗಿ ಎಂದು ಆ ಕ್ರಿಯಾಪದ ಕೇಳುವುದಿಲ್ಲ.

ಬ್ಲೇಡನ್ನು ಅಲ್ಲೇ ಮರೆತು ಬಂದಿದ್ದೆ.
ಪೆನ್ಸಿಲು ಹೆರೆಯಲು ಒಳ್ಳೆಯದಾಯಿತಂತೆ.
ಲೆಕ್ಕವನ್ನು ಅವರು ಈಗ
ಪುಸ್ತಕದಲ್ಲೂ ಒಂದು ಸಲ ಬರೆದಿಡುತ್ತಾರೆ.